ನಮ್ಮ ಗುಡ್ಡೆಯ ನೀಲಗಿರಿ ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ? ನಾನು ಅಳೆದ ಬಗೆ

ಉಡುಪಿ ಜಿಲ್ಲೆಯ ಬೆಳ್ಮಣ್ ಹತ್ತಿರ ನಮ್ಮದೊಂದು ಗುಡ್ಡೆ ಉಂಟು. ಮೂರು ಎಕ್ರೆ, ಪೂರಾ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಜಾಗ. ತೊಂಬತ್ತರ ದಶಕದಲ್ಲಿ ಅಪ್ಪ ಅಲ್ಲಿ ನೀಲಗಿರಿ ಹಾಕಿದ್ದರು. ಎರಡು ಸಲ ಕಡಿದು ಮಾರಿದ್ದೇವೆ, ಈಗ ನಿಂತಿರುವುದು ಬುಡದಿಂದ ಮತ್ತೆ ಚಿಗುರಿ ಬಂದ ಮರಗಳು. ಗುಡ್ಡೆಯ ಕೆಳಗೆ ಶೆಟ್ರ ಮನೆ, ಅವರ ಅಡಿಕೆ ತೋಟ, ಅವರ ಬಾವಿ. ಏಪ್ರಿಲ್ ಬಂತೆಂದರೆ ಆ ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿರುವುದಿಲ್ಲ.

"ನಿಮ್ಮ ಒಂದೊಂದು ಮರ ದಿನಕ್ಕೆ ನೂರು ಲೀಟರ್ ಎಳೀತದೆ ಮಾರಾಯ್ರೇ, ನನ್ನ ಬಾವಿ ಎಲ್ಲಿಂದ ತುಂಬಬೇಕು?" ಅಂತ ಶೆಟ್ರು ಒಂದು ದಿನ ಕೇಳಿದರು. ಜಗಳಕ್ಕೆ ಬಂದದ್ದಲ್ಲ, ಬೇಸರದಲ್ಲಿ ಕೇಳಿದ್ದು. ನೂರು ಲೀಟರ್ ಅಂತ ಅಳೆದದ್ದು ಯಾರು ಅಂತ ನಾನು ಕೇಳಿದೆ. "ಎಲ್ಲರೂ ಹೇಳ್ತಾರಲ್ಲ" ಅಂದರು.

ಆ ರಾತ್ರಿ ಸುಮ್ನೆ ಒಂದು ಲೆಕ್ಕ ಹಾಕಿದೆ. ಎಕ್ರೆಗೆ ಸುಮಾರು 700 ಮರ, ಮೂರು ಎಕ್ರೆಗೆ 2,100. ಮರಕ್ಕೆ ನೂರು ಲೀಟರ್ ಅಂದರೆ ದಿನಕ್ಕೆ ಎರಡು ಲಕ್ಷದ ಹತ್ತು ಸಾವಿರ ಲೀಟರ್. ಅಷ್ಟು ನೀರನ್ನು ಮೂರು ಎಕ್ರೆಯಲ್ಲಿ ಹರಡಿದರೆ 17 ಮಿ.ಮೀ. ಎತ್ತರ ನಿಲ್ಲುತ್ತದೆ. ಆದರೆ ನೀರು ಆವಿಯಾಗಲು ಶಕ್ತಿ ಬೇಕಲ್ಲ? ಒಂದು ಚದರ ಮೀಟರ್ ಮೇಲಿನ ಒಂದು ಮಿ.ಮೀ. ನೀರು ಅಂದರೆ ಒಂದು ಲೀಟರ್, ಅದನ್ನು ಆವಿ ಮಾಡಲು ಸುಮಾರು 2.45 ಮೆಗಾಜೂಲ್ ಬೇಕು. ನಮ್ಮ ಕಡೆ ಮಾರ್ಚ್ ತಿಂಗಳ ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರ್‌ಗೆ ಬೀಳುವುದು 24 ಮೆಗಾಜೂಲ್ ಆಸುಪಾಸು. ಇಡೀ ಬಿಸಿಲನ್ನು ಬೇರೆ ಯಾವುದಕ್ಕೂ ಬಿಡದೆ ಇದಕ್ಕೇ ಹಾಕಿದರೂ 10 ಮಿ.ಮೀ. ದಾಟುವುದಿಲ್ಲ. ಹಾಗಾಗಿ ನೂರು ಲೀಟರ್ ಅನ್ನುವುದು ನಮ್ಮ ಗುಡ್ಡೆಯ ಮಟ್ಟಿಗೆ ಆಗದ ಮಾತು. ಹೊಲದ ಮಧ್ಯೆ ಒಂಟಿಯಾಗಿ ನಿಂತ ದೊಡ್ಡ ಮರ ಅಷ್ಟು ಕುಡಿಯಬಹುದು, ಒತ್ತೊತ್ತಾಗಿ ನಿಂತ ತೋಪಿನಲ್ಲಿ ಪ್ರತಿ ಮರವೂ ಕುಡಿಯಲು ಸಾಧ್ಯವಿಲ್ಲ.

ಹಾಗಾದರೆ ಎಷ್ಟು? ಅದು ನನಗೂ ಗೊತ್ತಿರಲಿಲ್ಲ.

ನಾನು ಮಂಗಳೂರಿನಲ್ಲಿ ಇಪ್ಪತ್ತು ವರ್ಷ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿ ಕೆಲಸ ಮಾಡಿದವನು. ಉಷ್ಣತೆ ಅಳೆಯುವುದು, ತಂತಿ ಬೆಸೆಯುವುದು ನನ್ನ ಕಸುಬು. ಮರದ ವಿಷಯ ಹೊಸತು. ಓದುತ್ತಾ ಹೋದಾಗ ಸಿಕ್ಕಿದ್ದು ಫ್ರಾನ್ಸಿನ ಆಂಡ್ರೆ ಗ್ರಾನಿಯೆ 1985ರಲ್ಲಿ ಹೇಳಿದ ವಿಧಾನ. ಮರದ ಕಾಂಡಕ್ಕೆ ಎರಡು ಸೂಜಿ ಚುಚ್ಚಬೇಕು, ಒಂದರ ಕೆಳಗೆ ಇನ್ನೊಂದು, ಮಧ್ಯೆ 10ರಿಂದ 15 ಸೆಂ.ಮೀ. ಅಂತರ. ಮೇಲಿನ ಸೂಜಿಗೆ ಒಂದೇ ಸಮನೆ ಸ್ವಲ್ಪ ಬಿಸಿ ಕೊಡಬೇಕು, ಬರೀ 0.2 ವಾಟ್. ಕೆಳಗಿನದಕ್ಕೆ ಬಿಸಿ ಇಲ್ಲ. ಮರದೊಳಗೆ ನೀರು ಮೇಲೆ ಹೋಗುವಾಗ ಬಿಸಿ ಸೂಜಿಯ ಶಾಖವನ್ನು ಒಯ್ಯುತ್ತದೆ. ನೀರು ಜೋರಾಗಿ ಹೋದಷ್ಟೂ ಮೇಲಿನ ಸೂಜಿ ತಣ್ಣಗಾಗುತ್ತದೆ, ಎರಡು ಸೂಜಿಗಳ ನಡುವಿನ ವ್ಯತ್ಯಾಸ ಇಳಿಯುತ್ತದೆ. ರಾತ್ರಿ ನೀರು ನಿಂತಾಗ ವ್ಯತ್ಯಾಸ ಏರುತ್ತದೆ. ಇಷ್ಟೇ. ಕೈಗೆ ಬರುವ ಕೆಲಸ ಅನ್ನಿಸಿತು.

ಲೆಕ್ಕವೂ ಸುಲಭ. ರಾತ್ರಿಯ ಗರಿಷ್ಠ ವ್ಯತ್ಯಾಸದಿಂದ ಈಗಿನ ವ್ಯತ್ಯಾಸ ಕಳೆಯಿರಿ, ಬಂದದ್ದನ್ನು ಈಗಿನ ವ್ಯತ್ಯಾಸದಿಂದ ಭಾಗಿಸಿ, ಅದರ 1.231ನೇ ಘಾತ ತೆಗೆದು 42.84ರಿಂದ ಗುಣಿಸಿ. ಗಂಟೆಗೆ ಎಷ್ಟು ಸೆಂ.ಮೀ. ಹರಿವು ಅಂತ ಸಿಗುತ್ತದೆ. ರಾತ್ರಿ 10 ಡಿಗ್ರಿ ಇದ್ದದ್ದು ಮಧ್ಯಾಹ್ನ 7 ಡಿಗ್ರಿಗೆ ಇಳಿದರೆ ಗಂಟೆಗೆ ಸುಮಾರು 15 ಸೆಂ.ಮೀ. ಅದನ್ನು ನೀರು ಹರಿಯುವ ಮರದ ಭಾಗದ ವಿಸ್ತೀರ್ಣದಿಂದ ಗುಣಿಸಿದರೆ ಲೀಟರ್ ಲೆಕ್ಕ ಬರುತ್ತದೆ.

ರೆಡಿಮೇಡ್ ಸಾಧನದ ಬೆಲೆ ಕೇಳಿ ಬಿಟ್ಟೆ. ದನಗಳಿಗೆ ಇಂಜೆಕ್ಷನ್ ಕೊಡುವ ದಪ್ಪ ಸೂಜಿ ತಂದು 20 ಮಿ.ಮೀ.ಗೆ ಕತ್ತರಿಸಿದೆ. ಅದರ ಮೇಲೆ ಬಿಸಿ ಕೊಡುವ ಹೀಟರ್ ಆಗಿ 20 ಓಮ್ ಬರುವಷ್ಟು ಸಣ್ಣ ಕಾನ್‌ಸ್ಟಾಂಟನ್ (ತಾಮ್ರ, ನಿಕ್ಕಲ್ ಬೆರೆಸಿದ ಲೋಹ) ತಂತಿಯನ್ನು ಒಂದೇ ಸಮ ಅಂತರದಲ್ಲಿ ಸುತ್ತಿದೆ. ಈ ಸುತ್ತುವ ಕೆಲಸಕ್ಕೆ ಅವಸರ ಮಾಡಬೇಡಿ, ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ಬಿಡಿಯಾಗಿ ಸುತ್ತಿದರೆ ಸೂಜಿಯ ಒಂದು ತುದಿ ಮಾತ್ರ ಬಿಸಿಯಾಗುತ್ತದೆ. ಸೂಜಿಯ ಒಳಗೆ, ಸರಿ ಮಧ್ಯದಲ್ಲಿ, ತಾಮ್ರ ಮತ್ತು ಕಾನ್‌ಸ್ಟಾಂಟನ್ ಬೆಸೆದ ಥರ್ಮೋಕಪಲ್, ಅಂದರೆ ಉಷ್ಣತೆಯನ್ನು ಸಣ್ಣ ವೋಲ್ಟೇಜ್ ಆಗಿ ತೋರಿಸುವ ಜೋಡಿ ತಂತಿ. 20 ಓಮ್‌ಗೆ 0.1 ಆಂಪಿಯರ್ ಕೊಟ್ಟರೆ ಸರಿಯಾಗಿ 0.2 ವಾಟ್. ಕರೆಂಟ್ ಏರುಪೇರಾಗದಂತೆ ಎಲ್‌ಎಂ 317 ರೆಗ್ಯುಲೇಟರ್, ಜೊತೆಗೆ 12.5 ಓಮ್ ರೆಸಿಸ್ಟರ್. ಮೂರು ಮರಗಳ ಹೀಟರ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿದೆ, ಹಾಗೆ ಎರಡು ಸಾಲು, ಒಟ್ಟು ಆರು ಮರ. ಬರೀ ಹೀಟರ್‌ಗಳಿಗೇ ದಿನಕ್ಕೆ 4.8 ಆಂಪಿಯರ್ ಅವರ್ ಬೇಕು. ಹಳೆಯ ಬ್ಯಾಟರಿ ಒಂದನ್ನು ಇಟ್ಟು ಸೋಲಾರ್ ಪ್ಯಾನೆಲ್ ಅನ್ನು ತೋಪಿನ ಹೊರಗೆ ಬಿಸಿಲು ಬೀಳುವ ಅಂಚಿನಲ್ಲಿ ನಿಲ್ಲಿಸಿದೆ. ಮರದ ನೆರಳಲ್ಲಿ ಪ್ಯಾನೆಲ್ ಇಟ್ಟರೆ ಬ್ಯಾಟರಿ ಎರಡೇ ದಿನದಲ್ಲಿ ಇಳಿಯುತ್ತದೆ.

ಜನವರಿಯಲ್ಲಿ ಕೆಲಸ ಶುರು. ಮೊದಲ ಹದಿನೈದು ದಿನದ ಅಂಕಿಗಳನ್ನು ಪೂರಾ ಬಿಸಾಡಬೇಕಾಯಿತು.

ಒಂದನೆಯದು, ಥರ್ಮೋಕಪಲ್ ಕೊಡುವ ಸಿಗ್ನಲ್ ತೀರಾ ಸಣ್ಣದು. ಒಂದು ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್. ಆ ಸಿಗ್ನಲನ್ನು ಅಂಕಿಯಾಗಿ ಬದಲಿಸಲು ನಾನು ಹಾಕಿದ್ದ 16 ಬಿಟ್‌ನ ಎಡಿಎಸ್ 1115 ಚಿಪ್ ಪೂರ್ತಿ ಗೇನ್‌ನಲ್ಲೂ 7.8 ಮೈಕ್ರೋವೋಲ್ಟ್‌ಗಿಂತ ಕಡಿಮೆ ನೋಡುವುದಿಲ್ಲ. ಅಂದರೆ 0.2 ಡಿಗ್ರಿಯ ಒಂದೊಂದು ಮೆಟ್ಟಿಲು. ಗ್ರಾಫ್ ನೋಡಿದರೆ ದೇವಸ್ಥಾನದ ಕೆರೆಯ ಪಾವಟಿಗೆ ಇದ್ದ ಹಾಗೆ ಇತ್ತು. 24 ಬಿಟ್‌ನ ಎಡಿಎಸ್ 1220 ಹಾಕಿದ ಮೇಲೆ ಗೆರೆ ನುಣುಪಾಯಿತು.

ಎರಡನೆಯದು ಇನ್ನೂ ಮುಖ್ಯ. ಬೆಳಿಗ್ಗೆ ಎಂಟು ಗಂಟೆಗೆ ಎರಡು ಮರಗಳಲ್ಲಿ ಹರಿವು ದಿಢೀರ್ ಅಂತ ಏರಿ, ಒಂಬತ್ತೂವರೆಗೆ ಇಳಿದು, ಮತ್ತೆ ಏರುತ್ತಿತ್ತು. ಮರ ಹಾಗೆ ಮಾಡುವುದಿಲ್ಲ ಅಲ್ವಾ? ಒಂದು ದಿನ ಹೀಟರ್ ಬಂದ್ ಮಾಡಿ ನೋಡಿದೆ. ಬಿಸಿ ಕೊಡದೆಯೇ ಎರಡು ಸೂಜಿಗಳ ನಡುವೆ 0.8 ಡಿಗ್ರಿ ವ್ಯತ್ಯಾಸ! ಗುಡ್ಡೆಯ ಪೂರ್ವದ ಅಂಚಿನ ಮರಗಳು ಅವು, ಎಳೆಬಿಸಿಲು ಓರೆಯಾಗಿ ನೇರ ಬುಡಕ್ಕೆ ಬೀಳುತ್ತಿತ್ತು. ಎಲ್ಲ ಸೂಜಿಗಳನ್ನೂ ಕಾಂಡದ ಉತ್ತರ ಬದಿಗೆ ಬದಲಿಸಿದೆ. ಬೆಳ್ಳಿ ಬಣ್ಣದ ಬಬಲ್ ಶೀಟನ್ನು ಎದೆಮಟ್ಟದಿಂದ ನೆಲದವರೆಗೆ ಲಂಗದ ಹಾಗೆ ಸುತ್ತಿದೆ. ಆಮೇಲೆ ವ್ಯತ್ಯಾಸ 0.1ಕ್ಕೆ ಇಳಿಯಿತು. ಯಾರಾದರೂ ಇದನ್ನು ಮಾಡುವುದಾದರೆ ಮೊದಲ ವಾರವೇ ಒಂದು ಪೂರ್ತಿ ದಿನ ಹೀಟರ್ ಇಲ್ಲದೆ ಓಡಿಸಿ ನೋಡಿ.

ಹೊರ ತೊಗಟೆ ಕೆತ್ತಿ ತೆಗೆದು, ಹಸಿ ಮರ ಸಿಕ್ಕಿದ ಮೇಲೆಯೇ 20 ಮಿ.ಮೀ. ಲೆಕ್ಕ ಶುರು ಮಾಡಬೇಕು. ತೊಗಟೆಯನ್ನೂ ಸೇರಿಸಿ ಅಳೆದರೆ ಸೂಜಿಯ ಅರ್ಧ ಭಾಗ ನೀರೇ ಇಲ್ಲದ ಕಡೆ ಕೂತಿರುತ್ತದೆ. ನೀಲಗಿರಿ ಗಾಯಕ್ಕೆ ಕೆಂಪು ಅಂಟು ಬಿಡುತ್ತದೆ, ಎರಡು ತಿಂಗಳ ಮೇಲೆ ಅದೇ ತೂತನ್ನು ನಂಬುವ ಹಾಗಿಲ್ಲ, ಹೊಸ ಜಾಗದಲ್ಲಿ ಚುಚ್ಚಬೇಕು. ಚಗಳಿ ಇರುವೆ ಅಂಕಿ ದಾಖಲಿಸುವ ಲಾಗರ್ ಪೆಟ್ಟಿಗೆಯೊಳಗೆ ಗೂಡು ಮಾಡಿದ್ದು, ಕಾಡುಹಂದಿ ತಂತಿ ಎಳೆದದ್ದು, ಇದೆಲ್ಲ ನಮ್ಮ ಕಡೆ ಆಗುವಂಥದ್ದೇ. ಮೇ ಮೊದಲ ವಾರದ ಸಿಡಿಲಿಗೆ ಒಂದು ಸಾಲು ಪೂರಾ ಸುಟ್ಟು ಹೋದಾಗ ಮಾತ್ರ ತುಂಬಾ ಬೇಜಾರಾಯಿತು. ಈಗ ಆಕಾಶದಲ್ಲಿ ಗುಡುಗು ಕೇಳಿದ ಕೂಡಲೇ ಪ್ಯಾನೆಲ್‌ನ ತಂತಿ ಕಳಚಿ ಬರುತ್ತೇನೆ.

ಇನ್ನೊಂದು ವಿಷಯ ಕರಾವಳಿಯವರು ಗಮನಿಸಬೇಕು. ರಾತ್ರಿ ಹರಿವು ಸೊನ್ನೆ ಅಂತ ಇಟ್ಟುಕೊಂಡೇ ಇಡೀ ಲೆಕ್ಕ ನಿಂತಿರುವುದು. ಆದರೆ ಜನವರಿ, ಫೆಬ್ರವರಿಯಲ್ಲಿ ರಾತ್ರಿ ಘಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತದೆ, ಅಂಥ ರಾತ್ರಿ ಮರ ಸ್ವಲ್ಪ ಕುಡಿಯುತ್ತಲೇ ಇರುತ್ತದೆ. ಆ ರಾತ್ರಿಯನ್ನೇ ಸೊನ್ನೆ ಅಂತ ಹಿಡಿದರೆ ಹಗಲಿನ ಲೆಕ್ಕವೂ ಕಡಿಮೆ ಬರುತ್ತದೆ. ಹಾಗಾಗಿ ಪ್ರತಿ ರಾತ್ರಿಯ ಬದಲು ಹತ್ತು ದಿನಗಳಲ್ಲಿ ಸಿಕ್ಕಿದ ಅತಿ ಹೆಚ್ಚಿನ ವ್ಯತ್ಯಾಸವನ್ನು ನಾನು ಸೊನ್ನೆಯ ಗೆರೆ ಮಾಡಿಕೊಂಡೆ. ಇಬ್ಬನಿ ಬಿದ್ದು ಎಲೆ ಒದ್ದೆಯಾಗಿದ್ದ ಬೆಳಗಿನ ಜಾವವೇ ಸಾಮಾನ್ಯವಾಗಿ ಅದು ಸಿಗುತ್ತದೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ನನಗೆ ಸಮಾಧಾನ ಇರಲಿಲ್ಲ. ಗ್ರಾನಿಯೆಯ ಸೂತ್ರ ಎಲ್ಲ ಮರಗಳಿಗೂ ಒಂದೇ ಅಂತ ಮೊದಲು ಹೇಳಿದ್ದರು. ಆಮೇಲೆ ಬೇರೆಯವರು ಪರೀಕ್ಷೆ ಮಾಡಿದಾಗ ಎಷ್ಟೋ ಮರಗಳಲ್ಲಿ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ ಅಂತ ಗೊತ್ತಾಗಿದೆ. ನಮ್ಮ ಮರಕ್ಕೆ ಎಷ್ಟು ಕಡಿಮೆ ತೋರಿಸುತ್ತದೆ ಅಂತ ಗೊತ್ತಾಗದೆ ಶೆಟ್ರ ಮುಂದೆ ಅಂಕಿ ಇಡಲು ಮನಸ್ಸು ಒಪ್ಪಲಿಲ್ಲ. ಸೂಜಿಯನ್ನು ಬಿಟ್ಟು ನೇರವಾಗಿ ನೀರನ್ನೇ ಅಳೆಯಬೇಕು. ಅದಕ್ಕೆ ಇರುವ ಹಳೆಯ ದಾರಿ, ಮರವನ್ನು ಕಡಿದು ಬಕೆಟ್‌ನಲ್ಲಿ ನಿಲ್ಲಿಸುವುದು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಐದೂವರೆಗೆ ಐದು ಜನ ಗುಡ್ಡೆ ಹತ್ತಿದೆವು. ಶೆಟ್ರೂ ಬಂದಿದ್ದರು, ನಾನೇ ಕರೆದಿದ್ದೆ. 31 ಸೆಂ.ಮೀ. ಸುತ್ತಳತೆಯ ಒಂದು ಮರ ಆರಿಸಿದ್ದೆ, ಹತ್ತು ದಿನದ ಹಿಂದೆಯೇ ಅದಕ್ಕೆ ಸೂಜಿ ಹಾಕಿ ಆಗಿತ್ತು. ಮೊದಲು ಮರವನ್ನು ಹಗ್ಗದಲ್ಲಿ ಅಕ್ಕಪಕ್ಕದ ಮರಗಳಿಗೆ ಬಿಗಿದು ಕಟ್ಟಿದೆವು. ಬಿಸಿಲು ಬರುವ ಮೊದಲೇ ಕಡಿಯಬೇಕು, ಯಾಕೆಂದರೆ ಹಗಲು ಮರದ ಒಳಗೆ ನೀರು ಬಿಗಿಯಾಗಿ ಎಳೆದುಕೊಂಡಿರುತ್ತದೆ, ಆಗ ಕಡಿದರೆ ಗಾಳಿ ಒಳಗೆ ನುಗ್ಗಿ ನಾಳಗಳು ಕಟ್ಟಿಕೊಳ್ಳುತ್ತವೆ. ಬುಡ ಕೊಯ್ದು, ಮೂರು ಜನ ಎತ್ತಿ ನೀರು ತುಂಬಿದ ದೊಡ್ಡ ಟಬ್ಬಿಗೆ ಇಳಿಸಿದೆವು. ನೀರಿನ ಒಳಗೇ ಇನ್ನೂ ಎರಡು ಇಂಚು ಗರಗಸದಲ್ಲಿ ಕೊಯ್ದು ತೆಗೆದೆವು. ಟಬ್ಬಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದೆವು, ನೀರು ಸುಮ್ನೆ ಆವಿಯಾಗಬಾರದು. ಒಳಗಡೆ ಒಂದು ಮೊಳೆ ಗುರುತು. ಅರ್ಧ ಗಂಟೆಗೊಮ್ಮೆ ಆ ಮೊಳೆಯ ಮಟ್ಟಕ್ಕೆ ಅಳತೆ ಜಾಡಿಯಿಂದ ನೀರು ತುಂಬುವುದು, ತುಂಬಿದ್ದನ್ನು ಬರೆಯುವುದು.

ಎಂಟು ಗಂಟೆಯವರೆಗೆ ಹೆಚ್ಚೇನೂ ಇಲ್ಲ. ಒಂಬತ್ತರ ಮೇಲೆ ಅರ್ಧ ಗಂಟೆಗೆ ಕಾಲು ಲೀಟರ್, ಹನ್ನೊಂದರ ಮೇಲೆ ಅರ್ಧ ಲೀಟರ್ ಹತ್ತಿರ. ಜಾಡಿ ಶೆಟ್ರ ಕೈಯಲ್ಲೇ ಇತ್ತು. ಮಧ್ಯಾಹ್ನ ಕಡಲ ಗಾಳಿ ಬಂದ ಮೇಲೆ ಹರಿವು ತುಸು ತಗ್ಗಿತು. ಅದು ಸೂಜಿಯ ಗ್ರಾಫ್‌ನಲ್ಲೂ ಹಾಗೇ ಕಾಣಿಸಿತು, ಆ ಗಳಿಗೆ ನನಗೆ ತುಂಬಾ ಖುಷಿ ಕೊಟ್ಟಿತು. ಆ ಗಾಳಿಯಲ್ಲಿ ತೇವ ಜಾಸ್ತಿ, ಎಲೆಯಿಂದ ನೀರು ಹೋಗುವ ರಭಸ ಕಡಿಮೆಯಾಗುತ್ತದೆ.

ಸಂಜೆ ಕೂಡಿಸಿ ನೋಡಿದರೆ ಟಬ್ಬಿನಿಂದ ಹೋದದ್ದು 8.1 ಲೀಟರ್. ಅದೇ ದಿನಕ್ಕೆ ಸೂಜಿಯ ಲೆಕ್ಕ 5.3 ಲೀಟರ್.

ಅಂದರೆ ಸೂಜಿ ಮೂರರಲ್ಲಿ ಒಂದು ಪಾಲನ್ನು ನೋಡಿರಲೇ ಇಲ್ಲ. ಇನ್ನೂ ಎರಡು ಮರಗಳಲ್ಲಿ ಇದೇ ಕೆಲಸ ಮಾಡಿದೆ. ಒಂದರಲ್ಲಿ 1.4 ಪಟ್ಟು, ಇನ್ನೊಂದರಲ್ಲಿ 1.6 ಪಟ್ಟು. ಹಾಗಾಗಿ ಸೂಜಿಯ ಲೆಕ್ಕವನ್ನು 1.5ರಿಂದ ಗುಣಿಸುತ್ತೇನೆ. ಬೇರಿಲ್ಲದ ಮರ ಮಾಮೂಲಿಗಿಂತ ಜಾಸ್ತಿ ಕುಡಿಯಬಹುದಲ್ಲ ಅಂತ ನೀವು ಕೇಳಬಹುದು. ಹೌದು, ಕುಡಿಯಬಹುದು. ಆದರೆ ಸೂಜಿಯೂ ಟಬ್ಬೂ ಅಳೆಯುವುದು ಅದೇ ಮರದ ಅದೇ ಹೊತ್ತಿನ ನೀರನ್ನು, ನನಗೆ ಬೇಕಾದದ್ದು ಅವೆರಡರ ಅನುಪಾತ ಮಾತ್ರ. ಎರಡನೇ ದಿನ ಮಾತ್ರ ಓಡಿಸಬೇಡಿ, ಕೊಯ್ದ ಬಾಯಿ ಕಟ್ಟಿಕೊಳ್ಳುತ್ತದೆ.

ಸಂಜೆ ನಾಲ್ಕಕ್ಕೆ ಟಬ್ಬಿಗೆ ಕೆಂಪು ಬಣ್ಣ ಕಲಸಿದೆ. ಮರುದಿನ ಎದೆಮಟ್ಟದಲ್ಲಿ ಕೊಯ್ದು ಬಿಲ್ಲೆ ತೆಗೆದಾಗ ಬಣ್ಣ ಏರಿದ್ದು ಹೊರಗಿನ 2.2 ಸೆಂ.ಮೀ. ಬಿಳಿ ಭಾಗದಲ್ಲಿ ಮಾತ್ರ, ಒಳಗಿನ ತಿರುಳಿನಲ್ಲಿ ಒಂದು ಚುಕ್ಕೆಯೂ ಇಲ್ಲ. ನೀರು ಹೋಗುವುದು ಆ ಬಿಳಿಯಲ್ಲಿ ಮಾತ್ರ. ಇಡೀ ಕಾಂಡದ ವಿಸ್ತೀರ್ಣ ಹಿಡಿದು ಲೆಕ್ಕ ಮಾಡಿದ್ದರೆ ಆ ಮರದ ಲೆಕ್ಕ ಒಂದೂವರೆ ಪಟ್ಟಿಗಿಂತ ಮೇಲೆ ಹೋಗುತ್ತಿತ್ತು, ದಪ್ಪ ಮರಗಳಲ್ಲಿ ಇನ್ನೂ ಜಾಸ್ತಿ. ಪಕ್ಕದ ಊರಿನ ಒಂದು ತೋಪು ಆಗ ಕಡಿಯುತ್ತಿದ್ದರು, ಅಲ್ಲಿಂದ ಬೇರೆ ಬೇರೆ ದಪ್ಪದ 22 ಬಿಲ್ಲೆ ತಂದು ಸುತ್ತಳತೆಗೂ ಬಿಳಿ ಭಾಗಕ್ಕೂ ಒಂದು ಪಟ್ಟಿ ಮಾಡಿಕೊಂಡೆ. ಹಸಿಯಾಗಿರುವಾಗಲೇ ಅಳೆಯಬೇಕು, ಒಣಗಿದರೆ ಗೆರೆ ಸರಿ ಕಾಣುವುದಿಲ್ಲ.

ಆಮೇಲೆ 20 ಮೀಟರ್ ಉದ್ದ, 20 ಮೀಟರ್ ಅಗಲದ ಮೂರು ಚೌಕ ಹಾಕಿ ಅದರೊಳಗಿನ ಎಲ್ಲ ಮರಗಳ ಸುತ್ತಳತೆ ತೆಗೆದೆ. ಸರಾಸರಿ ಚೌಕಕ್ಕೆ 68 ಮರ. ಫೆಬ್ರವರಿಯ ಲೆಕ್ಕ ಹೀಗೆ ಬಂತು: ಸರಾಸರಿ ಮರ ದಿನಕ್ಕೆ ಸುಮಾರು 12 ಲೀಟರ್. ಗುಡ್ಡೆಯ ಅತಿ ದಪ್ಪ ಮರ 25 ಲೀಟರ್. ಎಕ್ರೆಗೆ ದಿನಕ್ಕೆ 8,000 ಲೀಟರ್, ಅಂದರೆ 2 ಮಿ.ಮೀ. ಏಪ್ರಿಲ್ ಕೊನೆಗೆ ಮಣ್ಣು ಒಣಗಿ ಅದು 1 ಮಿ.ಮೀ.ಗೆ ಇಳಿಯಿತು. ಜುಲೈಯಲ್ಲಿ ಮಳೆ ಹಿಡಿದ ದಿನ ಸೂಜಿಯ ಗೆರೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ನೇರ ಮಲಗಿತ್ತು.

ಮರಕ್ಕೆ ಎಷ್ಟು ಲೀಟರ್ ಅಂತ ಕೇಳುವುದನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ. ಎಕ್ರೆಗೆ ಎಷ್ಟು, ಯಾವ ತಿಂಗಳು ಅಂತ ಕೇಳಬೇಕು.

ಈ ಪಟ್ಟಿ ಹಿಡಿದುಕೊಂಡು ಶೆಟ್ರ ಜಗಲಿಯಲ್ಲಿ ಕೂತೆ. ಮರಕ್ಕೆ ನೂರಲ್ಲ, ಹನ್ನೆರಡು. ಆದರೆ ನಮ್ಮ ಮರಗಳ ತಪ್ಪೇ ಇಲ್ಲ ಅಂತ ನಾನು ಹೇಳಲಿಲ್ಲ, ಹೇಳುವ ಹಾಗೂ ಇಲ್ಲ. ಮೂರು ಎಕ್ರೆಗೆ ಫೆಬ್ರವರಿಯಲ್ಲಿ ದಿನಕ್ಕೆ 24,000 ಲೀಟರ್, ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಇಪ್ಪತ್ತನಾಲ್ಕು. ಅಡಿಕೆಯ ಲೆಕ್ಕವನ್ನೂ ಪಕ್ಕದಲ್ಲಿ ಬರೆದೆವು. ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಅಂತ ಶಿಫಾರಸು ಉಂಟು. ಎಕ್ರೆಗೆ 550 ಮರ ಅಂದರೆ 8,800ರಿಂದ 11,000 ಲೀಟರ್. ಶೆಟ್ರದ್ದು ಸ್ಪ್ರಿಂಕ್ಲರ್, ಅದಕ್ಕಿಂತ ಜಾಸ್ತಿಯೇ ಹೋಗುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಮೇಲಿಂದ ನೀವು ಎಳೀತೀರಿ, ಕೆಳಗಿಂದ ನಾನು ಎಳೀತೇನೆ" ಅಂದರು.

ನಮ್ಮ ಊರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಒಟ್ಟು ಮಳೆಗೆ ಹೋಲಿಸಿದರೆ ಮರ ಕುಡಿಯುವುದು ಸಣ್ಣ ಪಾಲು. ಆದರೆ ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಕಡಲಿಗೆ ಓಡುತ್ತದೆ, ಮುರಕಲ್ಲಿನ ಹೊಟ್ಟೆಯಲ್ಲಿ ಉಳಿದದ್ದನ್ನೇ ಮರವೂ ಬಾವಿಯೂ ಮೇ ತನಕ ಹಂಚಿಕೊಳ್ಳಬೇಕು. ಘಟ್ಟದ ಮೇಲಿನ ಕತೆ ಬೇರೆ. ಬ್ರಿಟನ್ನಿನ ಇಯಾನ್ ಕಾಲ್ಡರ್ ಮತ್ತು ಜೊತೆಗಾರರು ಶಿವಮೊಗ್ಗ ಕಡೆಯ ಪುರದಾಳಿನಲ್ಲೂ ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲೂ ನೀಲಗಿರಿಯ ನೀರನ್ನು ಅಳೆದಿದ್ದರು. ಅವರು ಬಳಸಿದ ಒಂದು ವಿಧಾನ, ಕಾಂಡಕ್ಕೆ ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ಸೇರಿಸಿ ಅದು ಎಲೆಯಿಂದ ಹೊರಬರುವುದನ್ನು ನೋಡುವುದು. ಶಿವಮೊಗ್ಗ ಕಡೆ ನೀಲಗಿರಿ ಅಲ್ಲಿನ ಕಾಡಿಗಿಂತ ಜಾಸ್ತಿ ನೀರು ಬಳಸಲಿಲ್ಲ. ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಮಾತ್ರ ಬೇರು ಕೆಳಗೆ ಕೆಳಗೆ ಇಳಿಯುತ್ತಾ ಹೋಗಿ ಬಿದ್ದ ಮಳೆಗಿಂತ ಜಾಸ್ತಿ ನೀರು ಎಳೆದಿತ್ತು. ಹೊಸಕೋಟೆಯ ಅಂಕಿ ಹಿಡಿದು ಬೆಳ್ಮಣ್ಣಿನ ಬಾವಿಗೆ ತೀರ್ಪು ಕೊಡಲು ಆಗುವುದಿಲ್ಲ, ನಮ್ಮ ಗುಡ್ಡೆಯ ಅಂಕಿ ಅಲ್ಲಿಗೂ ಸಲ್ಲುವುದಿಲ್ಲ.

2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು, ಹಾಗಾಗಿ ಹೊಸದಾಗಿ ನೆಡುವ ಪ್ರಶ್ನೆ ನಮಗಿಲ್ಲ. ಇರುವುದನ್ನು ಏನು ಮಾಡುವುದು ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದೆವು. ಬಾವಿಗೆ ಹತ್ತಿರದ ಅರ್ಧ ಎಕ್ರೆಯ ಬುಡಗಳನ್ನು ಪೂರಾ ಕಿತ್ತು ಅಲ್ಲಿ ಇಂಗುಗುಂಡಿ ತೋಡಿದ್ದೇವೆ. ಉಳಿದ ಕಡೆ ಒಂದು ಬುಡಕ್ಕೆ ಒಂದೇ ಕಾಂಡ ಬಿಟ್ಟಿದ್ದೇವೆ. ಮರ ಅರ್ಧ ಮಾಡಿದರೆ ನೀರಿನ ಖರ್ಚೂ ಅರ್ಧವಾಗುತ್ತದೆ ಅಂತ ಅಂದುಕೊಳ್ಳಬೇಡಿ, ಬಿಟ್ಟ ಮರಕ್ಕೆ ಬಿಸಿಲು ಜಾಸ್ತಿ ಸಿಕ್ಕಿ ಅದು ಮೊದಲಿಗಿಂತ ಜಾಸ್ತಿ ಕುಡಿಯುತ್ತದೆ. ನಾಲ್ಕು ಮರಗಳಲ್ಲಿ ಸೂಜಿ ಇಟ್ಟು ಅದನ್ನೇ ಈಗ ನೋಡುತ್ತಿದ್ದೇನೆ. ಶೆಟ್ರು ಸ್ಪ್ರಿಂಕ್ಲರ್ ತೆಗೆದು ಅರ್ಧ ತೋಟಕ್ಕೆ ಹನಿ ಪೈಪ್ ಹಾಕಿದ್ದಾರೆ.

ಸೂಜಿ ಅಳೆಯುವುದು ಬೇರಿನಿಂದ ಮೇಲೆ ಹೋದ ನೀರನ್ನು ಮಾತ್ರ. ಮಳೆ ಬರುವಾಗ ಎಲೆಯ ಮೇಲೆಯೇ ನಿಂತು ಒಣಗಿ ಹೋಗುವ ನೀರು ಇದರಲ್ಲಿ ಬರುವುದಿಲ್ಲ. ಅದಕ್ಕಾಗಿ ಮರದ ಕೆಳಗೆ ಎಂಟು, ಬಯಲಿನಲ್ಲಿ ಎರಡು ಡಬ್ಬಿ ಇಟ್ಟಿದ್ದೇನೆ. ಮರದ ಕೆಳಗಿನ ಡಬ್ಬಿಗಳನ್ನು ವಾರಕ್ಕೊಮ್ಮೆ ಜಾಗ ಬದಲಿಸಬೇಕು, ಒಂದು ಕೊಂಬೆಯಿಂದ ಸುರಿಯುವ ನೀರು ಒಂದೇ ಡಬ್ಬಿಗೆ ಬಿದ್ದರೆ ಲೆಕ್ಕ ಹಾಳು.

ಬಾವಿಯ ಲೆಕ್ಕ ಶೆಟ್ರದ್ದು. ಬೆಳಿಗ್ಗೆ ಪಂಪ್ ಹಾಕುವ ಮೊದಲು ಗಂಟು ಹಾಕಿದ ಹಗ್ಗ ಇಳಿಸಿ ನೀರಿನ ಮಟ್ಟ ನೋಡಿ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆದಿಡುತ್ತಾರೆ. ತಿಂಗಳು ಮುಗಿದ ಮೇಲೆ ಆ ಹಾಳೆ ನನ್ನ ಕೈಗೆ ಬರುತ್ತದೆ.